ಕೆಂಪು ಚುಕ್ಕೆಯ ಗುಂಡಿ

ಹಳೆಯ ಟೂ ಇನ್ ಒನ್ ಸಂಗ್ರಹಿಸುವವರು ಮೊದಲು ನೋಡುವುದು ಸ್ಪೀಕರಿನ ಗಾತ್ರ. ನಾನು ನೋಡುವುದು ಕೆಂಪು ಚುಕ್ಕೆಯ ಗುಂಡಿ. ಅದನ್ನು 'ಪ್ಲೇ' ಜತೆ ಒತ್ತಿದಾಗ ಎದುರಿನವರ ಮಾತು ಕ್ಯಾಸೆಟ್ಟಿಗೆ ಇಳಿದರೆ ಆ ಪೆಟ್ಟಿಗೆಗೆ ಇನ್ನೂ ಜೀವವಿದೆ. ತೆಲಂಗಾಣದ ಝರಾಸಂಗಂ ಸೀಮೆಯಲ್ಲಿ ಈ ಯಂತ್ರ ಏನು ಮಾಡಿತು ಎಂಬುದು ತಿಳಿಯುವುದೂ ಆ ಗುಂಡಿಯಿಂದಲೇ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು 1963ರಲ್ಲಿ ತಂದಿತು, 1966ರಲ್ಲಿ ರೇಡಿಯೊವನ್ನೂ ರೆಕಾರ್ಡರನ್ನೂ ಒಂದೇ ಪೆಟ್ಟಿಗೆಗೆ ಸೇರಿಸಿತು. ಅದನ್ನು ಬೆಳೆಸಿದವರು ಜಪಾನಿನವರು. ಜೆವಿಸಿಯ ಆರ್‌ಸಿ-ಎಂ90, ಶಾರ್ಪ್‌ನ ಜಿಎಫ್-777 ಇಂದಿಗೂ ಸಂಗ್ರಾಹಕರ ಕನಸು. ನ್ಯೂಯಾರ್ಕಿನ ರ‍್ಯಾಪ್ ಗಾಯಕ ಎಲ್‌ಎಲ್ ಕೂಲ್ ಜೆ 1985ರ ತನ್ನ ಮೊದಲ ಆಲ್ಬಮ್ಮಿನ ಹೊದಿಕೆಗೆ ಆ ಜೆವಿಸಿಯ ಚಿತ್ರವನ್ನೇ ಹಾಕಿದ. ಅಲ್ಲಿ ಅದು ಬೀದಿಯ ಸಂಗೀತ. ನಮ್ಮ ಕಡೆ ಅದು ಕೊಲ್ಲಿಗೆ ದುಡಿಯಲು ಹೋದವರು ಹೊತ್ತು ತಂದ ಮನೆಯ ಆಸ್ತಿ. ಕಸೂತಿ ಬಟ್ಟೆ ಹೊದಿಸಿ ಇಡುತ್ತಿದ್ದರು.

ಕೊಳ್ಳುವವರು ಪೆಟ್ಟಿಗೆಯ ಬೆನ್ನು ನೋಡಬೇಕು. ಹೊರದೇಶಗಳಿಗೆಂದು ಮಾಡಿದ ಸೆಟ್ಟಿನಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ. ಅದು 110ರ ಕಡೆ ಇರುವಾಗ ನಮ್ಮ ಕರೆಂಟಿಗೆ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತೆಂದೇ ಲೆಕ್ಕ. ಜಪಾನಿನೊಳಗೇ ಮಾರಲು ಮಾಡಿದ ಸೆಟ್ಟು 100 ವೋಲ್ಟಿನದು, ಅದರ ಎಫ್‌ಎಂ ಪಟ್ಟಿಯೂ 76ರಿಂದ ಶುರುವಾಗಿ 90 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಹಾಡು ಎಳೆದಂತೆ ಕೇಳಿಸಿದರೆ ಮೋಟಾರನ್ನು ಬೈಯಬೇಡಿ. ಬಹುಪಾಲು ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಕರಗಿ ಡಾಂಬರಿನಂತೆ ಅಂಟಿರುತ್ತದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಟೇಪು ಓಡಿದರೆ ಮಾತ್ರ ದನಿ ದನಿಯಾಗುತ್ತದೆ. ಮಂಕಾಗಿ ಕೇಳುವ ಕ್ಯಾಸೆಟ್ಟಿಗೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ತುಸು ತಿರುಗಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು.

ಝರಾಸಂಗಂ ಸುತ್ತಿನ ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಆ ವರ್ಷ ರಾಜ್ಯದ ಗಡಿ ಬದಲಾದರೂ ಮನೆಮಾತು ಬದಲಾಗಲಿಲ್ಲ. ಇಲ್ಲಿನ ಕನ್ನಡಿಗರಿಗೆ ಮೀಡಿಯಂ ವೇವ್ ಎಂದರೆ 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿ. ಮೀಡಿಯಂ ವೇವ್ ಹಿಡಿಯುವುದು ಹೊರಗೆ ಎಳೆಯುವ ಏರಿಯಲ್ ಅಲ್ಲ, ಒಳಗಿರುವ ಫೆರೈಟ್ ಕಡ್ಡಿ. ಆದ್ದರಿಂದ ಸದ್ದು ತಿಳಿಯಾಗುವ ತನಕ ಇಡೀ ಪೆಟ್ಟಿಗೆಯನ್ನೇ ತಿರುಗಿಸಬೇಕು. ಎಫ್‌ಎಂ ಪಟ್ಟಿಯಲ್ಲಿ ಮಾತ್ರ ಬಹುಕಾಲ ಬರೀ ಸುಯ್ಯೆನ್ನುವ ಸದ್ದು.

ಆ ಪಟ್ಟಿಗೆ ಮಾತು ಕೊಟ್ಟಿದ್ದು ಝರಾಸಂಗಂ ಮಂಡಲದ ಮಾಚನೂರು. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆ ಯುನೆಸ್ಕೊ ನೆರವಿನಿಂದ ಇಲ್ಲಿ ತೊಂಬತ್ತರ ದಶಕದ ಕೊನೆಗೇ ರೇಡಿಯೊ ಕೇಂದ್ರ ಕಟ್ಟಿತು. ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ, ಹಿಂದೆ ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಕೇಂದ್ರವಿತ್ತು, ಪ್ರಸಾರದ ಪರವಾನಗಿ ಇರಲಿಲ್ಲ. ಕೈಕಟ್ಟಿ ಕೂರದೆ ದಲಿತ ಹೆಣ್ಣುಮಕ್ಕಳು ಬಿತ್ತನೆ ಬೀಜದ ಮಾತು, ಹಬ್ಬದ ಪದ, ಮದ್ದಿನ ಸೊಪ್ಪಿನ ಗುಟ್ಟು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿದರು. ಹಳ್ಳಿಹಳ್ಳಿಯ ಸಂಘದ ಸಭೆಗಳಲ್ಲಿ ಟೇಪ್ ಹಚ್ಚಿ ಕೇಳಿಸಿದರು. ಗೋಪುರ ಮಾಡಬೇಕಾದ ಕೆಲಸವನ್ನು ಒಂದು ಟೇಪ್ ರೆಕಾರ್ಡರ್ ಮಾಡಿತು. ಸಂಗೀತವನ್ನು ಬೀದಿಗೆ ತಂದ ನ್ಯೂಯಾರ್ಕಿನ ಹುಡುಗರಿಗಿಂತ ಇದು ದೊಡ್ಡ ಸಾಧನೆ ಎಂದೇ ನನ್ನ ಲೆಕ್ಕ.

ಗಾಳಿಯ ತರಂಗ ಜನರ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಸಾವಂತರೇ ಕೊನೆಗೂ ಪರವಾನಗಿ ಸಿಕ್ಕ ಮಾಚನೂರಿನ ಆ ಕೇಂದ್ರವನ್ನು 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಎಂಬ ಹೆಸರಿನಲ್ಲಿ ಉದ್ಘಾಟಿಸಿದರು. ತರಂಗ 90.4 ಮೆಗಾಹರ್ಟ್ಸ್, ಭಾಷೆ ಆ ಸೀಮೆಯ ಆಡುಮಾತಿನ ತೆಲುಗು. ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ ಅದರ ದನಿಗಳು. ಜಪಾನಿನ ಒಳಮಾರುಕಟ್ಟೆಯ ಸೆಟ್ಟಿನಲ್ಲಿ ಮುಳ್ಳು ನಿಲ್ಲುವ ಜಾಗದಿಂದ ಕೂದಲೆಳೆಯಷ್ಟು ಆಚೆಗೇ ಈ ಕೇಂದ್ರ. ಸೆಟ್ಟು ಕೊಳ್ಳುವ ಮುನ್ನ ಪಟ್ಟಿ 108ರವರೆಗೆ ಇದೆಯೇ ನೋಡಿ ಎನ್ನುವುದು ಅದಕ್ಕೇ.

ಪೆಟ್ಟಿಗೆ ಉಳಿಸುವವರು ಹೆಚ್ಚುತ್ತಿದ್ದಾರೆ, ಕ್ಯಾಸೆಟ್ಟು ಮಾತ್ರ ಗುಜರಿಗೆ ಹೋಗುತ್ತಿದೆ. ಅಂಗಡಿಯ ಹಾಡು ಮತ್ತೆ ಸಿಗುತ್ತದೆ. ಕೊಲ್ಲಿಯಿಂದ ಬಂದ ಮಾತಿನ ಪತ್ರ, ಅಜ್ಜಿ ಹಾಡಿದ ಸೋಬಾನೆ, ಝರಾಸಂಗಂನ ಕೇತಕಿ ಸಂಗಮೇಶ್ವರನ ಗುಡಿಯ ಭಜನೆ ಸಿಗುವುದಿಲ್ಲ. ನಿಮ್ಮ ಅಟ್ಟದಲ್ಲಿ ಅಂಥವು ಇದ್ದರೆ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಎಸಳು ಮುರಿಯಿರಿ, ಆಮೇಲೆ ಯಾರೂ ಅಕಸ್ಮಾತ್ತಾಗಿ ಅಳಿಸಲಾರರು. ಹೆಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ತಂತಿ ಎಳೆದು ದನಿ ಇಳಿಸಿಕೊಳ್ಳಿ. ಹಾಡಿದವರ ಹೆಸರು, ಊರು, ವರ್ಷ ಬರೆದಿಡಿ. ಪೆಟ್ಟಿಗೆ ಮಾರುವ ಮಾತು ಆಮೇಲೆ.