ಯುದ್ಧಕ್ಕೆ ಹೋದವರ ದಾಖಲೆ: ದಕ್ಷಿಣ ಕನ್ನಡದ ಕುಟುಂಬಗಳಿಗೆ ಒಂದು ಶೋಧನ ಕ್ರಮ

ಎರಡನೆಯ ಮಹಾಯುದ್ಧದಲ್ಲಿ (1939–45) ಅವಿಭಜಿತ ಭಾರತದ ಸುಮಾರು 25 ಲಕ್ಷ ಮಂದಿ ಸಶಸ್ತ್ರ ಪಡೆಗಳಲ್ಲಿ ಸೇವೆ ಸಲ್ಲಿಸಿದರು. ಅವರಲ್ಲಿ ಸುಮಾರು 87,000 ಮಂದಿ ಮಡಿದರು. ಮಂಗಳೂರಿನಿಂದಲೂ ಅದರ ಸುತ್ತಲಿನ ಗ್ರಾಮಗಳಿಂದಲೂ ಸಿಪಾಯಿ, ಗುಮಾಸ್ತ, ವಾಹನಚಾಲಕ, ದಾದಿ, ನಾವಿಕರಾಗಿ ಹೋದವರಿದ್ದರು. ಅಂಥವರ ಮನೆಗಳಲ್ಲಿ ಇಂದು ಹೆಚ್ಚಾಗಿ ಉಳಿದಿರುವುದು ‘ಅಜ್ಜ ಮಿಲಿಟರಿಯಲ್ಲಿದ್ದರು, ಬರ್ಮಾಕ್ಕೆ ಹೋಗಿದ್ದರು’ ಎಂಬ ಮಾತು ಮಾತ್ರ. ಈ ಮಾತಿನ ಹಿಂದಿರುವ ಸೇವೆಯನ್ನು ದಾಖಲೆಗಳ ಮೂಲಕ ಗುರುತಿಸುವ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಡಳಿತದ ಹಿನ್ನೆಲೆ

ಯುದ್ಧಕಾಲದಲ್ಲಿ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದ ಜಿಲ್ಲೆಯಾಗಿತ್ತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಸೈನ್ಯವಿತ್ತು. ಅದರ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕಾಳಗದಲ್ಲಿ ಪಾಲ್ಗೊಂಡಿತು. ದಕ್ಷಿಣ ಕನ್ನಡದವರು ಸೇರಿದ್ದು ಬ್ರಿಟಿಷ್ ಭಾರತೀಯ ಸೇನೆಯನ್ನು. ಅಲ್ಲಿ ಅವರು ಬೇರೆ ಬೇರೆ ವಿಭಾಗಗಳಿಗೆ ಹಂಚಿಹೋದರು. ಆದ್ದರಿಂದ ಅವರ ಸೇವಾವಿವರವನ್ನು ಒಂದೇ ಕಡೆ ಹುಡುಕಲಾಗದು. ಸೇವಾ ದಾಖಲೆಯು ಸೈನಿಕನ ಊರನ್ನು ಅನುಸರಿಸುವುದಿಲ್ಲ, ಅವನು ಸೇರಿದ ದಳವನ್ನು ಅನುಸರಿಸುತ್ತದೆ. ಶೋಧನೆಯ ಮೊದಲ ಸೂತ್ರವಿದು.

ಊರಿನ ಹೆಸರನ್ನು ಓದುವಲ್ಲಿಯೂ ಎಚ್ಚರ ಬೇಕು. ಹಳೆಯ ಕಾಗದಗಳಲ್ಲಿ ‘ಸೌತ್ ಕೆನರಾ’, ‘ಮ್ಯಾಂಗಲೋರ್’, ‘ಉಡಿಪಿ’ ಎಂಬ ರೂಪಗಳಿರುತ್ತವೆ. ಅಂದಿನ ಜಿಲ್ಲೆಯ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಉಡುಪಿ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.

ಮನೆಯೊಳಗಿನ ಆಕರಗಳು

ಶೋಧನೆಯು ಮನೆಯಿಂದಲೇ ಆರಂಭವಾಗಬೇಕು. ಸೇನಾ ಸಂಖ್ಯೆ ಮತ್ತು ದಳದ ಹೆಸರು ಇವೆರಡೂ ಅತ್ಯಗತ್ಯ. ಬಿಡುಗಡೆ ಪತ್ರ ಉಳಿದಿದ್ದರೆ ಎರಡೂ ಅದರಲ್ಲಿ ದೊರೆಯುತ್ತವೆ. ಅದಿಲ್ಲವಾದರೆ ಪತ್ರಗಳ ವಿಳಾಸ, ಭಾವಚಿತ್ರದಲ್ಲಿ ಕಾಣುವ ಟೋಪಿಯ ಬಿಲ್ಲೆ, ಭುಜದ ಲಾಂಛನಗಳನ್ನು ಪರಿಶೀಲಿಸಬೇಕು. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸಂಖ್ಯೆ, ಹೆಸರು, ದಳಗಳನ್ನು ಕೆತ್ತಿರುತ್ತಾರೆ; ಎರಡನೆಯ ಯುದ್ಧದ ಪದಕಗಳಲ್ಲಿಯೂ ಇವು ಇರುವುದುಂಟು.

ಪದಕಗಳು ಮನೆಮಾತನ್ನು ಪರೀಕ್ಷಿಸಲೂ ನೆರವಾಗುತ್ತವೆ. ಬರ್ಮಾ ಸ್ಟಾರ್ ಆ ರಣರಂಗದ ಸೇವೆಗೆ ಸಂದದ್ದು. 1946ರಲ್ಲಿ ಸ್ಥಾಪಿತವಾದ ಇಂಡಿಯಾ ಸರ್ವಿಸ್ ಪದಕವು ಭಾರತದೊಳಗೆ ಮೂರು ವರ್ಷ ಸಲ್ಲಿಸಿದ ಸೇವೆಗೆ ಸಂದದ್ದು. ಆದರೆ ಪದಕ ಇಲ್ಲವೆಂಬ ಒಂದೇ ಕಾರಣದಿಂದ ಮನೆಮಾತನ್ನು ತಳ್ಳಿಹಾಕಬಾರದು, ಅದು ಕಳೆದುಹೋಗಿರಲೂಬಹುದು.

ಕರಾವಳಿಯ ವ್ಯಕ್ತಿನಾಮಗಳು ಇನ್ನೊಂದು ತೊಡಕು. ಮನೆತನದ ಹೆಸರು, ಜಾತಿಸೂಚಕ ಪದ, ಇನಿಷಿಯಲ್‌ಗಳಲ್ಲಿ ಸೇನೆಯ ಗುಮಾಸ್ತ ಯಾವುದನ್ನು ಹೆಸರೆಂದು ಬರೆದುಕೊಂಡನೆಂದು ಊಹಿಸುವುದು ಕಷ್ಟ. ಒಬ್ಬನೇ ವ್ಯಕ್ತಿ ‘ಪೂಜಾರಿ’ಯೂ ‘ಪುಜಾರಿ’ಯೂ ಆಗಿರಬಹುದು. ಅಳಿಯಸಂತಾನ ಕುಟುಂಬಗಳಲ್ಲಿ ಹತ್ತಿರದ ಬಂಧುವಿನ ಸ್ಥಾನದಲ್ಲಿ ಮಗನ ಬದಲು ತಾಯಿ, ಸೋದರಮಾವ ಅಥವಾ ಸೋದರಿಯ ಹೆಸರಿರುವ ಸಾಧ್ಯತೆಯಿದೆ. ಆದಕಾರಣ ತಾಯಿಯ ಕಡೆಯ ವಂಶಾವಳಿಯನ್ನೂ ಸಿದ್ಧಪಡಿಸಿಕೊಳ್ಳಬೇಕು.

ದಾಖಲೆ ಕಚೇರಿಗಳು

ಪ್ರತಿಯೊಂದು ದಳಕ್ಕೂ ಪ್ರತ್ಯೇಕ ದಾಖಲೆ ಕಚೇರಿಯಿದೆ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಮದ್ರಾಸ್ ಸ್ಯಾಪರ್ಸ್ ಮತ್ತು ಪಯೋನಿಯರ್ ದಳಗಳವು ಬೆಂಗಳೂರಿನಲ್ಲಿವೆ. ಸಂಕೇತ ದಳಕ್ಕೆ ಜಬಲ್ಪುರ, ವೈದ್ಯಕೀಯ ದಳಕ್ಕೆ ಲಖನೌ, ನೌಕಾಪಡೆಯ ನಾವಿಕರಿಗೆ ಮುಂಬಯಿ.

ಸೈನಿಕನ ಮುಖ್ಯ ಸೇವಾ ದಾಖಲೆಗೆ ‘ಶೀಟ್ ರೋಲ್’ ಎಂದು ಹೆಸರು. ತಂದೆಯ ಹೆಸರು, ಗ್ರಾಮ, ದೇಹದ ಗುರುತುಗಳು, ಸೇವೆಯ ವಿವರಗಳು ಅದರಲ್ಲಿರುತ್ತವೆ. ಸಿಪಾಯಿಗಳ ಪಿಂಚಣಿಗೆ 15 ವರ್ಷಗಳ ಸೇವೆ ಅಗತ್ಯವಾಗಿತ್ತು. ಯುದ್ಧಕ್ಕೆಂದೇ ಸೇರಿ 1946ರ ಸುಮಾರಿಗೆ ಬಿಡುಗಡೆಯಾದವರಿಗೆ ಅದು ದೊರೆಯಲಿಲ್ಲ. ಪಿಂಚಣಿರಹಿತರ ಶೀಟ್ ರೋಲ್‌ಗಳನ್ನು 25 ವರ್ಷಗಳ ಬಳಿಕ ನಾಶಪಡಿಸುವುದು ಸೇನೆಯ ನಿಯಮ. ಶಾಶ್ವತವಾಗಿ ಉಳಿಸುವುದು ಸಂಕ್ಷಿಪ್ತ ವಿವರಗಳ ‘ಲಾಂಗ್ ರೋಲ್’ ಅನ್ನು. ಹೀಗಾಗಿ ಅರ್ಜಿದಾರರು ಲಾಂಗ್ ರೋಲ್ ನಮೂದಿನ ಪ್ರತಿಯನ್ನು ಸ್ಪಷ್ಟವಾಗಿ ಹೆಸರಿಸಿ ಕೇಳಬೇಕು.

ಮಾಹಿತಿ ಹಕ್ಕು ಕಾಯಿದೆ, 2005ರಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಇಪ್ಪತ್ತು ವರ್ಷಕ್ಕಿಂತ ಹಿಂದಿನ ಸಂಗತಿಗಳಿಗೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸವೆಂದು ಅದರ 8(3)ನೆಯ ಪ್ರಕರಣ ಹೇಳುತ್ತದೆ. ಸರಕಾರದ ನೆರವು ಕೋರಿ ಅರ್ಜಿ ಸಲ್ಲಿಸಿದ್ದ ಕುಟುಂಬಗಳು ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿಯೂ ವಿಚಾರಿಸಬಹುದು.

ಮಡಿದವರು, ಸೆರೆಯಾದವರು, ನಾವಿಕರು

ಯುದ್ಧದಲ್ಲಿ ಮಡಿದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಬೇಕು. ಎರಡನೆಯ ಯುದ್ಧದ ನಮೂದುಗಳಲ್ಲಿ ತಂದೆಯ ಮತ್ತು ಊರಿನ ಹೆಸರುಗಳಿರುವುದುಂಟು. ಆದರೆ ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಆತ ಮಡಿಯಲಿಲ್ಲವೆಂದು ಅರ್ಥವಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದ ಏಷ್ಯಾ, ಆಫ್ರಿಕಾಗಳ ಕನಿಷ್ಠ 1,16,000 ಮಂದಿಯ ಹೆಸರುಗಳು ಸ್ಮಾರಕಗಳಲ್ಲಿ ದಾಖಲಾಗಿಲ್ಲವೆಂದು ಆಯೋಗದ ವರದಿಯೇ 2021ರಲ್ಲಿ ಒಪ್ಪಿಕೊಂಡಿತು.

1942ರ ಫೆಬ್ರವರಿ 15ರಂದು ಸಿಂಗಪುರ ಪತನವಾದಾಗ ಸೆರೆಸಿಕ್ಕಿದ ಬಳಿಕ ಆಜಾದ್ ಹಿಂದ್ ಫೌಜ್ ಸೇರಿದವರ ಕುರಿತ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ವ್ಯಾಪಾರಿ ಹಡಗುಗಳ ನಾವಿಕರ ವಿಷಯದಲ್ಲಿ ಸೇನಾ ಕಚೇರಿಗಳು ಉಪಯೋಗಕ್ಕೆ ಬಾರವು. ಎರಡನೆಯ ಯುದ್ಧದಲ್ಲಿ ಮಡಿದ ಅಂಥ ಸುಮಾರು 6,000 ಭಾರತೀಯರ ಹೆಸರುಗಳು ಮುಂಬಯಿ ಮತ್ತು ಚಟ್ಟಗಾಂವ್ ಸ್ಮಾರಕಗಳ ಸ್ಮರಣ ಗ್ರಂಥದಲ್ಲಿವೆ. ಬಂದರಿನ ಊರಾದ ಮಂಗಳೂರಿನ ಸಂಶೋಧಕರು ಈ ಆಕರವನ್ನು ಅವಶ್ಯವಾಗಿ ನೋಡಬೇಕು.

ಉಪಸಂಹಾರ

ವ್ಯಕ್ತಿಯ ದಾಖಲೆ ಸಿಗದಿದ್ದರೂ ದಳ ತಿಳಿದಿದ್ದರೆ ಅದರ ಯುದ್ಧ ದಿನಚರಿಗಳಿಂದ ಅದು ಸಂಚರಿಸಿದ ದಾರಿಯನ್ನು ಅರಿಯಬಹುದು. ಆದರೆ ದಳದ ಚರಿತ್ರೆಯೆಲ್ಲವನ್ನೂ ವ್ಯಕ್ತಿಗೆ ಆರೋಪಿಸುವಂತಿಲ್ಲ. ಆತ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಅದರಲ್ಲಿದ್ದನೆಂಬುದು ಮೊದಲು ಸಿದ್ಧವಾಗಬೇಕು.

ಪಂಜಾಬಿನಿಂದ ಮೊದಲ ಮಹಾಯುದ್ಧಕ್ಕೆ ಹೋದ ಸುಮಾರು 3,20,000 ಮಂದಿಯ ವಿವರಗಳುಳ್ಳ ಗ್ರಾಮವಾರು ದಾಖಲೆಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದವು. ಅವುಗಳ ಗಣಕೀಕರಣದ ಕಾರ್ಯವು 2021ರಲ್ಲಿ ಬೆಳಕಿಗೆ ಬಂದಿತು. ದಕ್ಷಿಣ ಕನ್ನಡದಲ್ಲಿ ಅಂಥ ಪಟ್ಟಿಯನ್ನು ಮನೆಮನೆಯಿಂದಲೇ ಕಟ್ಟಬೇಕಾಗಿದೆ. ಶೀಟ್ ರೋಲ್ ನಾಶವಾಗಿರುವಲ್ಲಿ ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಬಿಡುಗಡೆ ಪತ್ರವೇ ಆ ವ್ಯಕ್ತಿಯ ಸೇವೆಗೆ ಉಳಿದಿರುವ ಏಕೈಕ ವಿವರವಾದ ಸಾಕ್ಷ್ಯವಾಗಿರಬಹುದು. ಅದರ ಛಾಯಾಪ್ರತಿಯನ್ನು ಹತ್ತಿರದ ಗ್ರಂಥಾಲಯವೊಂದರಲ್ಲಿ ಇರಿಸುವ ವ್ಯವಸ್ಥೆ ಈ ತಲೆಮಾರಿನಲ್ಲಿಯೇ ಆಗಬೇಕು.