ಪಾಸ್‌ಬುಕ್ ಬಾಡಿಗೆಗೆ ಕೊಡಬೇಡಿ



2014ರಲ್ಲಿ ಜನಧನ ಯೋಜನೆ ಬಂತು. ಕೋಟ್ಯಂತರ ಹೆಂಗಸರು ಮೊದಲ ಸಲ ತಮ್ಮ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದರು. ಈಗ ಕೂಲಿ ಹಣ, ಪಿಂಚಣಿ ಎಲ್ಲಾ ಖಾತೆಗೇ ಬರುತ್ತೆ.

ಈ ಖಾತೆಯ ಮೇಲೆ ಕಳ್ಳರ ಕಣ್ಣು ಬಿದ್ದಿದೆ. ಅದರಲ್ಲಿ ಒಂದು ರೂಪಾಯಿ ಇಲ್ಲದಿದ್ದರೂ ಅವರಿಗೆ ಅದು ಬೇಕು. ಯಾಕೆ? ತಿಳಿಯೋಣ.

ಇದು ಒಬ್ಬ ಕಳ್ಳನ ಕೆಲಸ ಅಲ್ಲ. ದೊಡ್ಡ ಗುಂಪಿನ ಕೆಲಸ. ಕೆಲವರು ಜನರ ಫೋನ್ ನಂಬರು ಕೊಂಡು ತರುತ್ತಾರೆ. ಕೆಲವರು ‘ನಾವು ಪೊಲೀಸರು’ ಅಂತ ಸುಳ್ಳು ಹೇಳಿ, ಫೋನಿನಲ್ಲೇ ಹೆದರಿಸಿ ಹಣ ಹಾಕಿಸಿಕೊಳ್ಳುತ್ತಾರೆ. ಎಷ್ಟೋ ಫೋನ್‌ಗಳು ಕಾಂಬೋಡಿಯಾ, ಮ್ಯಾನ್ಮಾರ್ ದೇಶಗಳಿಂದ ಬರುತ್ತವೆ. ಕೆಲಸ ಕೊಡ್ತೀವಿ ಅಂತ ನಮ್ಮ ದೇಶದ ಹುಡುಗರನ್ನೂ ಅಲ್ಲಿಗೆ ಕರೆಸಿ, ಕೂಡಿಹಾಕಿ, ಈ ಕೆಲಸ ಮಾಡಿಸಿದ್ದಾರೆ.

ಕದ್ದ ಹಣ ತಮ್ಮ ಖಾತೆಗೆ ಹಾಕಿಕೊಂಡರೆ ಸಿಕ್ಕಿಬೀಳ್ತಾರೆ. ಅದಕ್ಕೇ ಬೇರೆಯವರ ಖಾತೆ ಬೇಕು. ಇದಕ್ಕೆಲ್ಲಾ ಮೊಬೈಲಿನಲ್ಲೇ ಕಳ್ಳಸಂತೆ ನಡೆಯುತ್ತೆ. ಜನರ ವಿವರ, ಕದ್ದ ಹಣ ಸಾಗಿಸುವ ಕೆಲಸ, ಎಲ್ಲಾ ಅಲ್ಲಿ ಮಾರಾಟಕ್ಕೆ. ಟೆಲಿಗ್ರಾಂ ಆ್ಯಪಿನಲ್ಲಿ ‘ಹುಯೋನ್ ಗ್ಯಾರಂಟಿ’ ಎಂಬ ಇಂಥ ಸಂತೆ ಇತ್ತು. 2025ರ ಮೇ ತಿಂಗಳಲ್ಲಿ ಟೆಲಿಗ್ರಾಂನವರು ಅದನ್ನು ಮುಚ್ಚಿಸಿದರು. ಆದರೆ ಕಳ್ಳರು ಬೇರೆ ಸಂತೆ ಹುಡುಕಿಕೊಳ್ತಾರೆ.

ಖಾತೆ ಕೂಡಿಸಲು ಊರಿಗೇ ದಲ್ಲಾಳಿ ಬರ್ತಾನೆ. ಪರಿಚಯದವನೇ ಇರಬಹುದು. ‘ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡಿ ಅಕ್ಕಾ. ಸುಮ್ಮನೆ ಕೂತಲ್ಲೇ ದುಡ್ಡು ಬರುತ್ತೆ’ ಅಂತಾನೆ.

ಕೊಟ್ಟರೆ ಏನಾಗುತ್ತೆ? ಕದ್ದ ಹಣ ನಿಮ್ಮ ಖಾತೆಗೆ ಬಂದು, ಕೆಲವೇ ನಿಮಿಷದಲ್ಲಿ ಇನ್ನೊಂದು ಖಾತೆಗೆ ಹೋಗುತ್ತೆ. ಇಂಥ ಖಾತೆಗೆ ‘ಮ್ಯೂಲ್ ಖಾತೆ’ ಅಂತಾರೆ. ಮ್ಯೂಲ್ ಅಂದರೆ ಹೇಸರಗತ್ತೆ. ಅದು ಬೇರೆಯವರ ಹೊರೆ ಹೊರುತ್ತೆ.

ಪೊಲೀಸರಿಗೆ ಮೊದಲು ಸಿಗುವುದು ಪಾಸ್‌ಬುಕ್ಕಿನಲ್ಲಿರುವ ಹೆಸರು. ಅಂದರೆ ನಿಮ್ಮ ಹೆಸರು. ಖಾತೆಯನ್ನು ತಡೆಹಿಡಿಯುತ್ತಾರೆ. ನೀವು ದುಡಿದ ಕೂಲಿಯೂ ಕೈಗೆ ಸಿಗೋದಿಲ್ಲ. ಕೇಸೂ ಆಗಬಹುದು. ದಲ್ಲಾಳಿ ಊರು ಬಿಟ್ಟಿರ್ತಾನೆ. ಅತ್ತ ಹಣ ಕಳೆದುಕೊಂಡವರೂ ನಮ್ಮಂಥವರೇ. ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ಕೂಡಿಟ್ಟ ಹಣ ಅದು.

ನೆನಪಿಡೋಣ:

ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಕೊಡಬಾರದು.

ಪಿನ್, ಓಟಿಪಿ ಯಾರಿಗೂ ಹೇಳಬಾರದು.

ಗೊತ್ತಿಲ್ಲದ ಹಣ ಖಾತೆಗೆ ಬಂದರೆ ಮುಟ್ಟಬಾರದು. ಬ್ಯಾಂಕಿಗೆ ಹೋಗಿ ತಿಳಿಸಬೇಕು.

ಮೋಸದಿಂದ ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯಬಹುದು.

ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತಿದ್ದೇವೆ. ಓದದೆ ಸಹಿ ಹಾಕುವುದು ಬೇಡ. ಸಂಘದ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ, ಓದು ಬಾರದ ಅಕ್ಕಂದಿರಿಗೂ ತಿಳಿಸೋಣ.