214 ಕೋಟಿಯನ್ನು ಸೋಲಿಸಿದ 1

ಒಂದು ಪಂದ್ಯ ಕಟ್ಟೋಣವೇ?

ವೆಬ್ ಪುಟದಲ್ಲಿ ಎರಡು ಪೆಟ್ಟಿಗೆಗಳಿವೆ. ಒಂದು ಕೆಂಪು, ಇನ್ನೊಂದು ನೀಲಿ. ಎರಡೂ ಒಂದೇ ಜಾಗಕ್ಕೆ ಬಂದು ಒಂದನ್ನೊಂದು ಮುಚ್ಚುತ್ತಿವೆ. ಯಾವುದು ಮೇಲಿರಬೇಕು? ಅದನ್ನು ಹೇಳುವುದು ಸಿಎಸ್‌ಎಸ್‌ನ ಝಡ್-ಇಂಡೆಕ್ಸ್. ಸಂಖ್ಯೆ ದೊಡ್ಡದಾದರೆ ಪೆಟ್ಟಿಗೆ ಮೇಲೆ. ಎಲ್ಲರೂ ಕಲಿಯುವ ಪಾಠ ಇದು.

ನೀಲಿಗೆ ಕೊಟ್ಟದ್ದು 1.

ಕೆಂಪಿಗೆ? 2,14,74,83,647! ಹೌದು, 214 ಕೋಟಿಗೂ ಹೆಚ್ಚು! ಬ್ರೌಸರ್‌ಗಳು ಈ ಲೆಕ್ಕವನ್ನು 32 ಬಿಟ್‌ಗಳಲ್ಲಿ ಇಡುತ್ತವೆ. ಋಣ ಸಂಖ್ಯೆಗಳಿಗೂ ಜಾಗ ಬಿಟ್ಟರೆ ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ ಇದು. ಇದರಾಚೆಗೆ ದಾರಿಯಿಲ್ಲ.

ಈಗ ಹೇಳಿ, ಮೇಲೆ ಕಾಣುವುದು ಯಾವುದು?

ನೀಲಿ!

ಹೇಗೆ ಸಾಧ್ಯ? ಕೆಂಪು ಪೆಟ್ಟಿಗೆಯಲ್ಲಿ ಯಾವ ತಪ್ಪನ್ನೂ ಹುಡುಕಬೇಡಿ, ಸಿಗುವುದಿಲ್ಲ. ಅದನ್ನು ಸುತ್ತುವರಿದಿರುವ ಹೊರಪೆಟ್ಟಿಗೆಯನ್ನು ನೋಡಿ. ಅಲ್ಲೊಂದು ಪುಟ್ಟ ಸಾಲು ಇದೆ. ಒಪ್ಯಾಸಿಟಿ 0.99. ನೂರರಲ್ಲಿ ಒಂದು ಪಾಲು ಪಾರದರ್ಶಕ, ಅಷ್ಟೇ! ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಆದರೆ 1ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದರೂ ಸಾಕು, ಆ ಹೊರಪೆಟ್ಟಿಗೆ ತನ್ನದೇ ಒಂದು ಲೋಕ ಕಟ್ಟಿಕೊಳ್ಳುತ್ತದೆ. ಸ್ಟ್ಯಾಕಿಂಗ್ ಕಾಂಟೆಕ್ಸ್ಟ್ ಎನ್ನುವುದು ಇದನ್ನೇ. ಒಳಗಿನ 214 ಕೋಟಿ ಒಳಗೇ ಚಲಾವಣೆ. ಹೊರಗೆ ಇಡೀ ಗುಂಪಿನ ಬೆಲೆ ಸೊನ್ನೆ! ನೆಲಮಹಡಿಯಲ್ಲಿ ಏಣಿ ಹತ್ತಿ ನಿಂತವರು ಮೊದಲ ಮಹಡಿಯಲ್ಲಿ ಚಾಪೆ ಹಾಸಿ ಮಲಗಿದವರಿಗಿಂತ ಮೇಲಾಗುವುದುಂಟೇ?

ಈ ಗುಟ್ಟು ಗೊತ್ತಿಲ್ಲದೆ 999, 9999, 99999 ಎಂದು ಸಂಖ್ಯೆ ಬೆಳೆಸುತ್ತಾ ಹೋದವರು ಅದೆಷ್ಟೋ ಮಂದಿ!

ಆ 214 ಕೋಟಿಯನ್ನು ಯಾವ ಸಂಖ್ಯೆಯೂ ಇಲ್ಲದೆ ಸೋಲಿಸುವ ಪೆಟ್ಟಿಗೆಯೂ ಇದೆ, ಗೊತ್ತೇ? ಡೈಲಾಗ್ ಎಲಿಮೆಂಟ್! ಮೋಡಲ್ ಆಗಿ ತೆರೆದರೆ ಅದು ಟಾಪ್ ಲೇಯರ್ ಎಂಬ ಬೇರೆಯೇ ಪದರಕ್ಕೆ ಹಾರುತ್ತದೆ. ಅಲ್ಲಿಗೆ ಝಡ್-ಇಂಡೆಕ್ಸ್ ತಲುಪುವುದೇ ಇಲ್ಲ.

ಮುಂದಿನ ಪ್ರಶ್ನೆಗೆ ಸಿದ್ಧರಿದ್ದೀರಾ? ಒಂದು ಗುಂಡಿಗೆ ಪೊಸಿಷನ್ ಆಬ್ಸಲ್ಯೂಟ್ ಬರೆದು, ಟಾಪ್ 0, ಲೆಫ್ಟ್ 0 ಎಂದಿರಿ. ಅದು ಎಲ್ಲಿಗೆ ಹೋಗಿ ಕೂರುತ್ತದೆ? ಪುಟದ ಮೂಲೆಗೆ? ತನ್ನ ಪೆಟ್ಟಿಗೆಯ ಮೂಲೆಗೆ?

ಎರಡೂ ಸರಿ! ಎರಡೂ ತಪ್ಪು! ಗುಂಡಿ ಹೊರಗಿನ ಪೆಟ್ಟಿಗೆಗಳನ್ನು ಒಂದೊಂದಾಗಿ ವಿಚಾರಿಸುತ್ತಾ ಹೋಗುತ್ತದೆ. ಪೊಸಿಷನ್ ಪಡೆದವರು ಯಾರಾದರೂ ಇದ್ದಾರೆಯೇ? ಮೊದಲು ಸಿಕ್ಕವರ ಮೂಲೆಯಲ್ಲಿ ನೆಲೆ. ಯಾರೂ ಸಿಗಲಿಲ್ಲವೋ, ಪುಟದ ತುದಿಗೇ ಓಟ!

ಹಾಗಾಗಿ ಹೊರಪೆಟ್ಟಿಗೆಗೆ ಪೊಸಿಷನ್ ರಿಲೇಟಿವ್ ಎಂದು ಬರೆದು ನೋಡಿ. ಹೊರಪೆಟ್ಟಿಗೆ ಕೂದಲಷ್ಟೂ ಕದಲುವುದಿಲ್ಲ. ಒಳಗಿನ ಗುಂಡಿ ಮಾತ್ರ ಪುಟದ ಆ ತುದಿಯಿಂದ ಇಲ್ಲಿಗೆ ಜಿಗಿಯುತ್ತದೆ! ಬರೆದದ್ದು ಒಬ್ಬರ ಮೇಲೆ, ಓಡಿದ್ದು ಇನ್ನೊಬ್ಬರು. ಇಡೀ ಸಿಎಸ್‌ಎಸ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು.

ಫಿಕ್ಸೆಡ್? ಅದಾದರೂ ಅಲುಗದು ಅಂದಿರಾ? ಪುಟ ಎಷ್ಟೇ ಉರುಳಿದರೂ ಅದು ಕಿಟಕಿಗೆ ಅಂಟಿರಬೇಕು, ನಿಜ. ಆದರೆ ಹೊರಪೆಟ್ಟಿಗೆಗೆ ಟ್ರಾನ್ಸ್‌ಫಾರ್ಮ್ ಕೊಟ್ಟು, ಸೊನ್ನೆ ಡಿಗ್ರಿ ತಿರುಗಿಸಿ. ಸೊನ್ನೆ! ಯಾವುದೂ ತಿರುಗಲಿಲ್ಲ. ಆದರೂ ಫಿಕ್ಸೆಡ್ ಸೆರೆ ಸಿಕ್ಕಿತು! ಈಗ ಅದು ಪುಟದ ಜೊತೆಗೇ ಉರುಳಿಕೊಂಡು ಹೋಗುತ್ತದೆ.

ಪುಟ ಉರುಳುವಾಗ ಅಂಚು ತಲುಪಿದೊಡನೆ ಅಂಟಿಕೊಳ್ಳುವ ಸ್ಟಿಕಿಯ ಜೀವವೂ ಹೊರಗಿನವರ ಕೈಯಲ್ಲೇ. ಸುತ್ತಲಿನ ಯಾವುದೋ ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ ಇದ್ದರೆ ಸ್ಟಿಕಿ ಆ ಪೆಟ್ಟಿಗೆ ಉರುಳಲೆಂದು ಕಾಯುತ್ತದೆ. ಅದು ಉರುಳುವುದೇ ಇಲ್ಲ!

ಈಗ ನಡುಮಧ್ಯದ ಜಾದೂ. ಲೆಫ್ಟ್ 50%, ಟಾಪ್ 50%. ಪೆಟ್ಟಿಗೆ ನಡುವಿಗೆ ಬಂತೇ? ಇಲ್ಲ, ಅದರ ಎಡ ಮೇಲ್ತುದಿ ಮಾತ್ರ ಬಂತು. ಇನ್ನು ಟ್ರಾನ್ಸ್‌ಲೇಟ್‌ನಲ್ಲಿ ಎರಡೂ ದಿಕ್ಕಿಗೆ ಮೈನಸ್ 50% ಬರೆಯಿರಿ. ಕರಾರುವಾಕ್ಕು! ಏಕೆ ಗೊತ್ತೇ? ಮೊದಲ 50 ಹೊರಪೆಟ್ಟಿಗೆಯ ಅಳತೆಯಲ್ಲಿ ಅರ್ಧ. ಎರಡನೆಯ 50 ಪೆಟ್ಟಿಗೆಯ ಸ್ವಂತ ಅಳತೆಯಲ್ಲಿ ಅರ್ಧ!

ಇನ್ನೂ ಒಂದು ಶೇಕಡಾ ಲೆಕ್ಕ ಕೇಳಿ. ಪ್ಯಾಡಿಂಗ್-ಟಾಪ್ 56.25%. ಮೇಲಿನ ಪ್ಯಾಡಿಂಗ್, ಹಾಗಾಗಿ ಎತ್ತರದಲ್ಲಿ ಅಷ್ಟು ಪಾಲು ಅನ್ನುತ್ತೀರಿ. ಅಲ್ಲ! ಅದು ಹೊರಪೆಟ್ಟಿಗೆಯ ಅಗಲದಲ್ಲಿ ಅಷ್ಟು ಪಾಲು! 9ನ್ನು 16ರಿಂದ ಭಾಗಿಸಿ, ನೂರರಿಂದ ಗುಣಿಸಿ ನೋಡಿ. 56.25! ಪರದೆ ಕುಗ್ಗಲಿ, ಹಿಗ್ಗಲಿ, ವಿಡಿಯೊ ಚೌಕಟ್ಟು 16:9 ಆಗಿಯೇ ಉಳಿಯುತ್ತದೆ. 2021ರಲ್ಲಿ ಆಸ್ಪೆಕ್ಟ್-ರೇಶಿಯೊ ಬ್ರೌಸರ್‌ಗಳಿಗೆ ಬರುವವರೆಗೂ ವರ್ಷಗಟ್ಟಲೆ ಈ ಉಪಾಯವೇ ಗತಿ.

1998ರ ಸಿಎಸ್‌ಎಸ್2ರಿಂದಲೂ ಇದೇ ಕಥೆ. ಪೆಟ್ಟಿಗೆಯ ನೆಲೆ ನಿರ್ಧಾರ ಆಗುವುದು ಸುತ್ತುವರಿದವರಿಂದ.

ಆಮೇಲೆ 2024 ಬಂತು! ಕ್ರೋಮ್‌ನಲ್ಲಿ ಆ್ಯಂಕರ್ ಪೊಸಿಷನಿಂಗ್ ಬಂತು! ಈಗ ಪೆಟ್ಟಿಗೆ ತನ್ನನ್ನು ಸುತ್ತುವರಿಯದ, ಪಕ್ಕದ ಸಾಲಿನ ಯಾವುದೋ ಗುಂಡಿಯ ಕೈಹಿಡಿದು ನಿಲ್ಲಬಲ್ಲದು. ಗುಂಡಿ ಸರಿದರೆ ಇದೂ ಸರಿಯುತ್ತದೆ. ಕೆಳಗೆ ಜಾಗ ಸಾಲದಿದ್ದರೆ? ನೀವು ಬದಲಿ ಸೂಚಿಸಿದ್ದರೆ ತಾನೇ ಮಗುಚಿ ಗುಂಡಿಯ ಮೇಲ್ಬದಿಗೆ ಹೋಗುತ್ತದೆ. ಒಂದೇ ಒಂದು ಸಾಲು ಜಾವಾಸ್ಕ್ರಿಪ್ಟ್ ಇಲ್ಲದೆ!